ಹಾಯಿಹಡಗಿನ ಪೋಸ್ಟ್ ಆಂಡ್ ಗೋ ಲೇಬಲ್‌ಗಳನ್ನು ಮಲೆನಾಡಿನ ಮಳೆಗಾಲ ದಾಟಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮಳೆಗಾಲ ಮುಗಿದು ಆಲ್ಬಮ್ ತೆರೆದವರದ್ದು ಪ್ರತಿ ವರ್ಷ ಒಂದೇ ದೂರು. ಚಿತ್ರ ಹೊಸದರ ಹಾಗೆಯೇ ಇದೆ, ಅದರ ಮೇಲಿನ ಅಕ್ಷರ ಮಾತ್ರ ಮಸುಕಾಗಿದೆ ಅಥವಾ ಅಳಿಸಿಯೇ ಹೋಗಿದೆ. ಇನ್ನು ಕೆಲವರಿಗೆ ಅಕ್ಷರ ಹೋಗುವ ಬದಲು ಇಡೀ ಲೇಬಲ್ಲೇ ಕಪ್ಪಾಗಿರುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಇದಕ್ಕೆ ಕಾರಣ ಬಹುಪಾಲು ಒಂದೇ: ಥಂಡಿ ಹಿಡಿದದ್ದು ಕಂಡ ಕೂಡಲೇ ಬಿಸಿಯನ್ನೋ ಬಿಸಿಲನ್ನೋ ತೋರಿಸುವುದು. ಹಳೆಯ ಗೋಂದಿನ ಅಂಚೆಚೀಟಿಗಾದರೆ ಅದು ಹೇಗೋ ನಡೆಯುತ್ತದೆ. ಈ ಲೇಬಲ್‌ಗಳಿಗೆ ನಡೆಯುವುದಿಲ್ಲ.

ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ 2008ರಲ್ಲಿ ಶುರುಮಾಡಿದ, ಹಣ ಕಟ್ಟಿದರೆ ಅಂಚೆಚೀಟಿಯಾಗಿ ಸಲ್ಲುವ ಲೇಬಲ್ ಒತ್ತಿಕೊಡುವ ಪೋಸ್ಟ್ ಆಂಡ್ ಗೋ ಯಂತ್ರಗಳಿಂದ ಬರುವ, ಹಿಂಬದಿಗೆ ಅಂಟು ಬಳಿದಿರುವ ಲೇಬಲ್‌ಗಳ ಬಗ್ಗೆ ಇಲ್ಲಿ ಹೇಳುತ್ತಿರುವುದು. ನೌಕಾ ಸಂಗ್ರಹಾಲಯಗಳಲ್ಲಿ ಇಂಥ ಯಂತ್ರ ಇಟ್ಟಿದ್ದರಿಂದ, ದುರಸ್ತಿಯಾಗಿ ಉಳಿದ ಹಳೆಯ ಹಾಯಿಹಡಗುಗಳ ಚಿತ್ರ ಅಥವಾ ಹೆಸರು ಹೊತ್ತ ಲೇಬಲ್‌ಗಳು ನಮ್ಮ ಸಂಗ್ರಾಹಕರ ಕೈಗೂ ಬರುತ್ತಿವೆ. ಬೇರೆ ದೇಶದ ಯಂತ್ರಗಳ ಇದೇ ಬಗೆಯ ಲೇಬಲ್‌ಗಳಿಗೂ ಕ್ರಮ ಇದೇ.

## ಮೊದಲು ತಿಳಿದಿರಬೇಕಾದದ್ದು: ಒಂದು ಲೇಬಲ್, ಎರಡು ಅಚ್ಚು

ಲೇಬಲ್ಲಿನ ಬಣ್ಣದ ಚಿತ್ರ ಮುದ್ರಣಾಲಯದಲ್ಲೇ ಸುರುಳಿಯ ಮೇಲೆ ಅಚ್ಚಾಗಿ ಬಂದಿರುತ್ತದೆ. ಅದು ಗಟ್ಟಿ ಶಾಯಿ, ಸುಲಭಕ್ಕೆ ಹೋಗುವುದಿಲ್ಲ. ಸೇವೆಯ ಹೆಸರು, ತೂಕದ ಮಿತಿ, ಕೆಳಗಿನ ಸಣ್ಣ ಸಂಕೇತದ ಸಾಲು ಇವೆಲ್ಲ ನೀವು ಹಣ ಕಟ್ಟಿದ ಮೇಲೆ ಯಂತ್ರ ಒತ್ತುವ ಅಚ್ಚು. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲಿನ ಲೇಪನಕ್ಕೆ ಬಿಸಿ ತಾಕಿದಲ್ಲಿ ಕಪ್ಪು ಮೂಡುತ್ತದೆ, ಅಷ್ಟೆ. ಎಟಿಎಂ ಚೀಟಿಯೂ ಬಸ್ ಟಿಕೆಟ್ಟೂ ಇದೇ ಜಾತಿ.

ಸಂಗ್ರಾಹಕರಿಗೆ ಬೆಲೆ ಇರುವುದು ಈ ಎರಡನೆಯ ಅಚ್ಚಿಗೇ. ಎಷ್ಟೋ ಸಂಗ್ರಹಾಲಯದ ಯಂತ್ರಗಳಲ್ಲಿ ಸಾಮಾನ್ಯ ಚಿತ್ರದ ಸುರುಳಿಯನ್ನೇ ಹಾಕಿ, ಹಡಗಿನ ಅಥವಾ ಸಂಗ್ರಹಾಲಯದ ಹೆಸರನ್ನು ಬಿಸಿ ಅಚ್ಚಿನಲ್ಲಿ ಸೇರಿಸಿರುತ್ತಾರೆ. ಆ ಒಂದು ಸಾಲು ಮಾಸಿದರೆ ಕೈಯಲ್ಲಿ ಉಳಿಯುವುದು ಎಲ್ಲೆಂದರಲ್ಲಿ ಸಿಗುವ ಲೇಬಲ್. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಿಂದ ಅಕ್ಷರಕ್ಕೆ ಏನಾಗುತ್ತದೆ?

ಬಿಸಿ ಅಚ್ಚಿಗೆ ಆಗದವು ಇವು: ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ, ನೇರ ಬಿಸಿಲು, ಸ್ಯಾನಿಟೈಸರ್ ಮತ್ತು ಸ್ಪಿರಿಟ್, ಎಣ್ಣೆಗೈ, ಸೆಲ್ಲೋಟೇಪಿನ ಅಂಟು, ಪಿವಿಸಿ ಹಾಳೆ. ಶಾಖ ಕಪ್ಪಾಗಿಸುತ್ತದೆ, ಉಳಿದವು ಬಹುಪಾಲು ಅಳಿಸುತ್ತವೆ. ಸ್ಪಿರಿಟ್ ಕೆಲವು ಕಾಗದಗಳನ್ನು ಕಪ್ಪಾಗಿಸುವುದೂ ಉಂಟು.

## ಸಾಮಾನು

ಅಂಚೆಚೀಟಿ ಹಿಡಿಯುವ ಚಪ್ಪಟೆ ತುದಿಯ ಚಿಮುಟ. ಹುಬ್ಬಿನ ಕೂದಲು ಕೀಳುವ ಚಿಮುಟ ಬೇಡ, ಅದರ ಚೂಪು ಅಂಚು ಲೇಪನವನ್ನು ಗೀರುತ್ತದೆ. ಗೀರಿದ ಕಡೆ ಕೆಲವೊಮ್ಮೆ ಕಪ್ಪು ಗೆರೆಯೇ ಮೂಡುವುದುಂಟು.

ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಪಾರದರ್ಶಕ ಜೇಬುಗಳು. ಪಿವಿಸಿ ಹೌದೋ ಅಲ್ಲವೋ ತಿಳಿಯಲು ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ, ಬೆರಳಿಗೆ ಮೆತ್ತಗೆ ಜಿಗುಟಾಗಿ ತಾಕಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಸ್ಟೇಷನರಿ ಅಂಗಡಿಯ ಅಗ್ಗದ ಫೋಟೋ ಆಲ್ಬಮ್‌ಗಳಲ್ಲಿ ಈ ದೋಷ ಹೆಚ್ಚು. ಅಂಟುಪುಟದ ಆಲ್ಬಮ್ ಅಂತೂ ಬೇಡವೇ ಬೇಡ.

ರಬ್ಬರ್ ಅಂಚಿನ ಮುಚ್ಚಳವಿರುವ, ಒಳಗಿನದು ಕಾಣುವ 10 ಲೀಟರಿನ ಡಬ್ಬಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಅರ್ಧ ಕಿಲೋ. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ತೋರಿಸುವ ಮಾಪಕ. ಬಿಳಿ ಒತ್ತುಕಾಗದ, ಅಂದರೆ ಬ್ಲಾಟಿಂಗ್ ಪೇಪರ್, ಹತ್ತು ಹಾಳೆ. ಆಮ್ಲರಹಿತ ದಪ್ಪ ಹಾಳೆ ಮತ್ತು ಪಾಲಿಯೆಸ್ಟರ್ ಮೂಲೆಗಳು ಪುಟ ಜೋಡಿಸುವವರಿಗೆ ಮಾತ್ರ.

## ಹಂತ 1: ಮಾಪಕವನ್ನು ಉಪ್ಪಿನಿಂದ ಪರೀಕ್ಷಿಸಿ

ಇದನ್ನು ಬಿಟ್ಟವರೇ ಹೆಚ್ಚು. ಅಗ್ಗದ ಮಾಪಕಗಳು ಹತ್ತು ಅಂಕ ಆಚೀಚೆ ತೋರಿಸುವುದು ಮಾಮೂಲು. ಒಂದು ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು. ಇದನ್ನೂ ಮಾಪಕವನ್ನೂ ಒಂದು ಸಣ್ಣ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಹನ್ನೆರಡು ಗಂಟೆ ಬಿಡಿ. ಮಾಪಕ ಶೇ 75 ತೋರಿಸಬೇಕು. 82 ತೋರಿಸಿದರೆ ಮುಂದೆ ಯಾವಾಗಲೂ 7 ಕಳೆದು ಓದಿ, ಆ ಅಂಕಿಯನ್ನು ಮಾಪಕದ ಬೆನ್ನಿಗೆ ಬರೆದು ಅಂಟಿಸಿ.

## ಹಂತ 2: ಬಂದ ಲಕೋಟೆಯನ್ನು ಆ ದಿನವೇ ಬಿಚ್ಚಿ, ಆದರೆ ಏನನ್ನೂ ಬಿಡಿಸಬೇಡಿ

ಆಷಾಢದ ಜಡಿಮಳೆಯಲ್ಲಿ ಅಂಚೆಯಣ್ಣನ ಚೀಲ ಎಷ್ಟು ಮುಚ್ಚಿದ್ದರೂ ಕಾಗದ ಶೀತ ಹಿಡಿದಿರುತ್ತದೆ. ಲಕೋಟೆಯೊಳಗೆ ಪ್ಲಾಸ್ಟಿಕ್ ಚೀಲವಿದ್ದರೆ ಮೊದಲು ಅದರಿಂದ ಹೊರತೆಗೆಯಿರಿ, ತೇವ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಕೈ ತೊಳೆದು ಪೂರ್ತಿ ಒರೆಸಿಕೊಂಡ ಮೇಲೆಯೇ ಮುಟ್ಟಿ. ಸ್ಯಾನಿಟೈಸರ್ ಹಚ್ಚಿಕೊಂಡ ಕೈ ಆರಿದಂತೆ ಕಂಡರೂ ಅಕ್ಷರದ ಮೇಲೆ ಬೆರಳ ಗುರುತು ಬಿಡಬಲ್ಲದು.

ಬಳಸದ ಲೇಬಲ್‌ಗಳು ಹಿಂಬದಿಯ ನುಣುಪು ಕಾಗದದ ಸಮೇತ ಬರುತ್ತವೆ. ಒಂದೊಂದರ ಅಳತೆ 56 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಎತ್ತರ. ಬೇರೆ ಬೇರೆ ಸೇವೆಯ ಆರು ಲೇಬಲ್‌ಗಳನ್ನು ಒಂದೇ ವಹಿವಾಟಿನಲ್ಲಿ ಕೊಂಡ ಸಾಲಾಗಿದ್ದರೆ ಉದ್ದ 150 ಮಿಲಿಮೀಟರ್ ದಾಟುತ್ತದೆ. ಅದನ್ನು ಮಡಚಬೇಡಿ, ಬಿಡಿಬಿಡಿಯಾಗಿ ಕತ್ತರಿಸಲೂ ಬೇಡಿ. ಸಂಕೇತದ ಸಾಲಿನಲ್ಲಿ ವಹಿವಾಟಿನ ಸಂಖ್ಯೆಯೂ ಅದರೊಳಗೆ ಲೇಬಲ್ಲಿನ ಸರದಿಯೂ ಇರುತ್ತದೆ, ಆ ಸರದಿ ಕೂಡಿ ಉಳಿದರೇ ಅಂದ. ಕಳಿಸುವವರಿಗೆ ಮುಂಚೆಯೇ ತಿಳಿಸಿ: ಎರಡು ಬದಿ ರಟ್ಟು ಇಟ್ಟು ದೊಡ್ಡ ಲಕೋಟೆಯಲ್ಲಿ ಕಳಿಸಲಿ, ಟೇಪನ್ನು ರಟ್ಟಿಗೆ ಮಾತ್ರ ಹಚ್ಚಲಿ.

ಯಂತ್ರದ ರಸೀದಿ ಜೊತೆಗೆ ಬಂದಿದ್ದರೆ ಜೋಪಾನ ಮಾಡಿ. ಆದರೆ ಒಂದೇ ಜೇಬಿನಲ್ಲಿ ಲೇಬಲ್ಲಿಗೆ ಒತ್ತಿಕೊಂಡಂತೆ ಇಡಬೇಡಿ.

## ಹಂತ 3: ಲಕೋಟೆಯ ಮೇಲಿನ ಲೇಬಲ್ಲನ್ನು ನೀರಿಗೆ ಹಾಕಬೇಡಿ

ಬಟ್ಟಲಲ್ಲಿ ನೀರು ತುಂಬಿ ಅಂಚೆಚೀಟಿ ತೇಲಿಬಿಡುವುದು ನಮ್ಮೆಲ್ಲರ ಮೊದಲ ಪಾಠ. ಅದನ್ನು ಇಲ್ಲಿ ಮರೆಯಬೇಕು. ಅಂಟು ನೀರಿಗೆ ಬಿಡುವುದು ಮಧ್ಯೆ ನೀರಿನಲ್ಲಿ ಕರಗುವ ಪದರವಿದ್ದರೆ ಮಾತ್ರ, ಬ್ರಿಟನ್ನಿನ ಈಚಿನ ಅಂಟುಚೀಟಿಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ನೆನೆಸಿದರೆ ಮೇಲಿನ ಕಾಗದ ಸೀಳಿಕೊಂಡು ಬರುತ್ತದೆ, ಅಂಟು ಲಕೋಟೆಯಲ್ಲೇ ಉಳಿಯುತ್ತದೆ. ಅಲ್ಲಿನ ಅಂಚೆಮುದ್ರೆ ಬಹುಪಾಲು ಇಂಕ್‌ಜೆಟ್ಟಿನದು, ನೀರು ಬಿದ್ದರೆ ಅದೂ ಹರಡಿ ಚಿತ್ರದ ಮೇಲೆ ಇಳಿಯುತ್ತದೆ.

ಪೆಟ್ರೋಲು, ಥಿನ್ನರ್, ಲೈಟರ್ ದ್ರವ ಬಿಟ್ಟು ಕೀಳುವ ವಿಡಿಯೋಗಳಿವೆ. ಬೆಂಕಿಯ ಅಪಾಯ ಒಂದು ಕಡೆ, ಥಿನ್ನರಿನಂಥ ದ್ರಾವಕಗಳು ಬಿಸಿ ಅಚ್ಚನ್ನೇ ಅಳಿಸುವುದು ಇನ್ನೊಂದು ಕಡೆ. ಆ ದಾರಿ ಬೇಡ.

ಸಾಧ್ಯವಾದರೆ ಇಡೀ ಲಕೋಟೆಯನ್ನೇ ಇಟ್ಟುಕೊಳ್ಳಿ. ಸಂಗ್ರಹಾಲಯದ ಲೇಬಲ್‌ಗಳನ್ನು ಕೊಂಡವರು ಬಹುಪಾಲು ನೆನಪಿಗೆಂದು ಇಟ್ಟುಕೊಂಡರೇ ಹೊರತು ಕಾಗದಕ್ಕೆ ಅಂಟಿಸಿ ಕಳಿಸಿದ್ದು ಕಡಿಮೆ. ಹಾಗಾಗಿ ನಿಜವಾಗಿ ಅಂಚೆಯಲ್ಲಿ ಓಡಾಡಿದ ಲಕೋಟೆಗೇ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಮಾನ. ಲಕೋಟೆ ಹರಿದು ಹಾಳಾಗಿದ್ದರೆ ಮಾತ್ರ ಕತ್ತರಿಸಿ: ಲೇಬಲ್ಲಿನ ಸುತ್ತ ಕನಿಷ್ಠ 10 ಮಿಲಿಮೀಟರ್ ಅಂಚು ಬಿಡಿ, ಅಂಚೆಮುದ್ರೆ ಎಲ್ಲಿಯವರೆಗೆ ಹರಡಿದೆಯೋ ಅಲ್ಲಿಯವರೆಗೂ ಬಿಡಿ. ಲಕೋಟೆಯ ಹಿಂಪದರವನ್ನು ಸೀಳಿ ತೆಳುಮಾಡಲು ಹೋಗಬೇಡಿ.

## ಹಂತ 4: ಒಣಗಿಸುವ ಮೊದಲೇ ಸ್ಕ್ಯಾನ್ ಮಾಡಿ

ಮುಂದೆ ಏನೇ ಆದರೂ ಅಕ್ಷರದ ದಾಖಲೆ ಇವತ್ತೇ ಸಿಗಬೇಕು. ಚಪ್ಪಟೆ ಸ್ಕ್ಯಾನರಿನಲ್ಲಿ 600 ಡಿಪಿಐಗೆ ಇಟ್ಟು ಲೇಬಲ್ಲಿನ ಮುಂಭಾಗ, ಲಕೋಟೆ ಇದ್ದರೆ ಎರಡೂ ಬದಿ, ರಸೀದಿ ಎಲ್ಲವನ್ನೂ ತೆಗೆಯಿರಿ. ಆ ಒಂದು ಕ್ಷಣದ ಬೆಳಕಿನಿಂದ ತೊಂದರೆಯಿಲ್ಲ. ಸಂಕೇತದ ಸಾಲನ್ನು ಅಕ್ಷರ ಬಿಡದೆ ಪುಸ್ತಕದಲ್ಲೂ ಬರೆದಿಡಿ.

ಜೆರಾಕ್ಸ್ ಅಂಗಡಿಗೆ ಒಯ್ದರೆ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿಸಿ, ಹಾಳೆ ಎಳೆದುಕೊಳ್ಳುವ ಬಾಯಿಗೆ ಕೊಡಬೇಡಿ. ‘ಲ್ಯಾಮಿನೇಷನ್ ಮಾಡಿಕೊಡ್ಲಾ ಸಾರ್, ಹಾಳಾಗಲ್ಲ’ ಎಂದು ಕೇಳುತ್ತಾರೆ. ಒಪ್ಪಿದಿರೋ, ಸಂಗ್ರಹ ಮುಗಿದಂತೆ. ಲ್ಯಾಮಿನೇಷನ್ ಯಂತ್ರದ ಉರುಳೆಗಳು 100 ಡಿಗ್ರಿ ದಾಟಿರುತ್ತವೆ. ಆ ಕಡೆಯಿಂದ ಲೇಬಲ್ ಹೊರಬರುವಾಗ ಹಾಯಿ, ಕಂಬ, ಅಕ್ಷರ ಎಲ್ಲದರ ಮೇಲೆ ಕಪ್ಪು ಕವಿದಿರುತ್ತದೆ. ಅದನ್ನು ತಿರುಗಿ ಬಿಳಿ ಮಾಡುವ ಉಪಾಯ ಇಲ್ಲ.

## ಹಂತ 5: ಬಿಸಿ ಇಲ್ಲದೆ ಒಣಗಿಸಿ

ಹೆಚ್ಚಿನವರು ಸೋಲುವುದು ಇಲ್ಲಿ. ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ, ಬಚ್ಚಲೊಲೆಯ ಪಕ್ಕದ ಗೋಡೆ, ಫ್ರಿಜ್ಜಿನ ಹಿಂಬದಿ, ಕಾಫಿ ಕಣದ ಬಿಸಿಲು ಯಾವುದೂ ಬೇಡ. ಫ್ಯಾನ್ ಕೆಳಗೆ ಹರವುವುದರಿಂದ ಹಾನಿಯಿಲ್ಲ, ಪ್ರಯೋಜನವೂ ಇಲ್ಲ. ಹೊರಗಿನ ಗಾಳಿಯ ತೇವವೇ ಶೇ 90ರ ಹತ್ತಿರ ಇರುವಾಗ ಫ್ಯಾನ್ ಅದೇ ಗಾಳಿಯನ್ನು ಸುತ್ತಿಸುತ್ತದೆ, ಅಷ್ಟೆ.

ಹೀಗೆ ಮಾಡಿ. ಡಬ್ಬಿಯ ತಳದಲ್ಲಿ ಅಗಲ ತಟ್ಟೆಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹರವಿ. ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು ಜೆಲ್ ಕಾಗದಕ್ಕೆ ತಾಗದಂತೆ ನೋಡಿಕೊಳ್ಳಿ. ಲೇಬಲ್‌ಗಳನ್ನು ಎರಡು ಒತ್ತುಕಾಗದಗಳ ನಡುವೆ ಒಂದೇ ಪದರವಾಗಿ ಜೋಡಿಸಿ, ಮೇಲೆ ಹಗುರಾದ ರಟ್ಟು ಇಡಿ. ಒತ್ತುಕಾಗದ ಸಿಗದಿದ್ದರೆ ಅಚ್ಚಿಲ್ಲದ ಬಿಳಿ ಹಾಳೆ ಸಾಕು, ಸುದ್ದಿಪತ್ರಿಕೆಯ ಶಾಯಿ ಮೆತ್ತಿಕೊಳ್ಳುತ್ತದೆ. ಭಾರದ ಪುಸ್ತಕ ಹೇರಬೇಡಿ, ಲೇಬಲ್ಲಿನ ಅಂಟು ಅಂಚಿನಿಂದ ಹೊರಗೆ ಜಿನುಗುತ್ತದೆ. ಮಾಪಕವನ್ನು ಹೊರಗಿಂದ ಓದಲು ಆಗುವಂತೆ ಒಳಗಿಟ್ಟು ಮುಚ್ಚಿ.

ಎರಡರಿಂದ ಮೂರು ದಿನ ತೆರೆಯಬೇಡಿ. ಮಾಪಕ ಶೇ 45ರಿಂದ 50ರಲ್ಲಿ ಬಂದು ಒಂದು ದಿನ ಕದಲದೆ ನಿಂತರೆ ಒಣಗಿದೆ ಎಂದರ್ಥ. ಮೊದಲ ಗಂಟೆಯಲ್ಲೇ 50ಕ್ಕೆ ಇಳಿದದ್ದನ್ನು ನಂಬಬೇಡಿ. ಆಗ ಒಣಗಿರುವುದು ಡಬ್ಬಿಯ ಗಾಳಿ, ಕಾಗದವಲ್ಲ. ಸ್ವಲ್ಪ ಹೊತ್ತಿನಲ್ಲಿ ಕಾಗದ ತೇವ ಬಿಡುತ್ತಾ ಅಂಕಿ ಮತ್ತೆ ಏರುತ್ತದೆ. ಶೇ 35ಕ್ಕಿಂತ ಕೆಳಗೆ ಹೋದರೆ ಜೆಲ್ ಅರ್ಧ ತೆಗೆಯಿರಿ. ಅತಿಯಾಗಿ ಒಣಗಿದರೆ ಮೇಲಿನ ಕಾಗದವೂ ಹಿಂಬದಿಯ ಕಾಗದವೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಲೇಬಲ್ ಹಪ್ಪಳದಂತೆ ಸುರುಳುತ್ತದೆ.

## ಹಂತ 6: ಸಿಲಿಕಾ ಜೆಲ್ ಎಷ್ಟು ಬೇಕು, ತಿರುಗಿ ಒಣಗಿಸುವುದು ಹೇಗೆ

ಚಪ್ಪಲಿ ಡಬ್ಬಿಯಲ್ಲಿ ಬಂದ ಎರಡು ಪೊಟ್ಟಣ ಹಾಕಿ ನಿಶ್ಚಿಂತರಾಗುವವರು ಈ ಲೆಕ್ಕ ನೋಡಬೇಕು. ಮಳೆಗಾಲದಲ್ಲಿ ಶೀತ ಹಿಡಿದ ಒಂದು ಕಿಲೋ ತೂಕದ ಆಲ್ಬಮ್ಮಿನ ಕಾಗದ ಶೇ 50ರ ತೇವಕ್ಕೆ ಇಳಿಯಬೇಕಾದರೆ ಸುಮಾರು 50ರಿಂದ 80 ಗ್ರಾಂ ನೀರು ಬಿಡಬೇಕು. ಆ ಮಟ್ಟದ ತೇವದಲ್ಲಿ ಸಿಲಿಕಾ ಜೆಲ್ ಹೀರುವುದು ತನ್ನ ತೂಕದ ಐದನೇ ಒಂದು ಭಾಗದ ಆಸುಪಾಸು. ಅಂದರೆ 250ರಿಂದ 400 ಗ್ರಾಂ ಜೆಲ್ ಬೇಕು. 5 ಗ್ರಾಂ ಪೊಟ್ಟಣ ಹೀರುವುದು ಒಂದೇ ಗ್ರಾಂ ನೀರು.

ಕಿತ್ತಳೆ ಮಣಿಗಳು ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ. ಓವನ್ ಇಲ್ಲದಿದ್ದರೆ ಅಡುಗೆಗೆ ಬಳಸದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಕೈಯಾಡಿಸುತ್ತಾ ಬಿಸಿ ಮಾಡಿ. ಉರಿ ಜೋರಾದರೆ ಬಣ್ಣ ಕಂದಿ, ಮುಂದೆ ಸೂಚನೆ ಕೊಡುವುದೇ ನಿಲ್ಲುತ್ತದೆ.

ಬಿಸಿ ಜೆಲ್ಲನ್ನು ನೇರ ಲೇಬಲ್ ಡಬ್ಬಿಗೆ ಸುರಿಯಬೇಡಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಮುಟ್ಟಿದರೆ ತಣ್ಣಗೆ ಆದ ಮೇಲೆ ಬದಲಿಸಿ. ತೆರೆದಿಟ್ಟು ಆರಿಸಿದರೆ ಮಳೆಯ ಗಾಳಿಯ ತೇವವನ್ನೇ ಹೀರಿಕೊಂಡು ಮಾಡಿದ ಕೆಲಸವೆಲ್ಲ ವ್ಯರ್ಥ.

## ಹಂತ 7: ಜೇಬಿಗೆ ಹಾಕಿ, ಮುಚ್ಚಿ

ಒಣಗಿದ ಮೇಲೆಯೇ ಜೇಬು. ಕ್ರಮ ತಪ್ಪಿ ಹಸಿ ಇರುವಾಗಲೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಒಳಗಡೆಯೇ ಬೂಷ್ಟು ಹಿಡಿಯುತ್ತದೆ. ಒಂದು ಜೇಬಿಗೆ ಒಂದು ಸಾಲು, ಮೇಲ್ಭಾಗ ತೆರೆದಿರಲಿ. ಲಕೋಟೆಗಳನ್ನು ಅಡ್ಡ ಪೇರಿಸದೆ ನಿಲ್ಲಿಸಿಡಿ, ಇಲ್ಲವಾದರೆ ಮೇಲಿನವುಗಳ ಭಾರಕ್ಕೆ ಕೆಳಗಿನವುಗಳ ಅಂಟು ಜಿನುಗುತ್ತದೆ.

ನುಸಿಗುಳಿಗೆ, ಕರ್ಪೂರ ಇಡುವ ಅಭ್ಯಾಸ ಬಿಡಿ. ಅವುಗಳ ಆವಿ ಮುಚ್ಚಿದ ಡಬ್ಬಿಯಲ್ಲಿ ಪ್ಲಾಸ್ಟಿಕ್ಕನ್ನೂ ಅಂಟನ್ನೂ ಮೆತ್ತಗಾಗಿಸುತ್ತದೆ. ತೇವ ಶೇ 50ರಲ್ಲಿ ನಿಂತರೆ ಬೂಷ್ಟಿಗೆ ಎಡೆಯಿಲ್ಲ, ಕಾಗದದ ಹೇನುಗಳೂ ಉಳಿಯಲಾರವು.

ಡಬ್ಬಿ ಇಡುವ ಜಾಗ ಊರಿನ ಮೇಲೆ ಹೋಗುತ್ತದೆ. ಘಟ್ಟದಂಚಿನ ಹೆಂಚಿನ ಮನೆಗಳಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡ, ಮನೆಯ ನಡುವಿನ ಗೋಡೆಯ ಬದಿಗೆ, ನೆಲದಿಂದ ಎರಡಡಿ ಮೇಲಿರಲಿ. ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯಲ್ಲಿ ತೇವದ ಕಾಟ ಕಡಿಮೆ, ಅಲ್ಲಿ ಶತ್ರು ಏಪ್ರಿಲ್ ತಿಂಗಳ ಅಟ್ಟ. ಶೀಟಿನ ಛಾವಣಿಯ ಕೆಳಗಿನ ಅಟ್ಟವೂ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡೂ ಈ ಲೇಬಲ್‌ಗಳ ಜಾಗವಲ್ಲ.

## ಹಂತ 8: ಮೇ ಕೊನೆಯಿಂದ ಅಕ್ಟೋಬರ್‌ವರೆಗೆ

ಮೇ ಕೊನೆಯ ವಾರ ಜೆಲ್ ಪೂರ್ತಿ ಒಣಗಿಸಿ ತುಂಬಿ. ಜೂನ್‌ನಿಂದ ವಾರಕ್ಕೊಮ್ಮೆ ಡಬ್ಬಿ ತೆರೆಯದೆಯೇ ಮಾಪಕವನ್ನೂ ಮಣಿಗಳ ಬಣ್ಣವನ್ನೂ ನೋಡಿ. ಶೇ 58 ದಾಟಿದರೆ ಜೆಲ್ ಬದಲಿಸಿ. ಒಂದು ಕಂತು ಡಬ್ಬಿಯಲ್ಲಿ, ಒಂದು ಕಂತು ಸ್ಟೀಲ್ ಡಬ್ಬಿಯಲ್ಲಿ ಸಿದ್ಧವಾಗಿದ್ದರೆ ಬದಲಿಸಲು ಅರೆ ನಿಮಿಷ ಸಾಕು. ನೆಂಟರಿಗೆ ತೋರಿಸಲು ಮಳೆ ಸುರಿಯುವಾಗ ತೆರೆಯಬೇಡಿ, ಸ್ಕ್ಯಾನ್ ತೋರಿಸಿ.

## ಹಂತ 9: ಪ್ರದರ್ಶನಕ್ಕೆ ಪುಟ ಜೋಡಿಸುವವರಿಗೆ

ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಗಳ ಒಂದು ಚೌಕಟ್ಟಿಗೆ ಎ4 ಅಳತೆಯ 16 ಪುಟ. ಪುಟದ ಬರಹವನ್ನೆಲ್ಲ ಮೊದಲು ಮುದ್ರಿಸಿ, ಹಾಳೆ ಆರಿದ ಮೇಲೆ ಮೂಲೆಗಳನ್ನು ಅಂಟಿಸಿ, ಕೊನೆಗೆ ಲೇಬಲ್ ಸಿಕ್ಕಿಸಿ. ಲೇಬಲ್ ಇಟ್ಟ ಮೇಲೆ ತಪ್ಪು ಕಂಡಿತೆಂದು ಅದೇ ಹಾಳೆಯನ್ನು ಮತ್ತೆ ಲೇಸರ್ ಪ್ರಿಂಟರಿಗೆ ಕೊಟ್ಟರೆ ಲ್ಯಾಮಿನೇಷನ್ನಿನ ಗತಿಯೇ. ಹಿಂಬದಿಯ ಕಾಗದ ಸುಲಿದು ಲೇಬಲ್ಲನ್ನೇ ಪುಟಕ್ಕೆ ಅಂಟಿಸುವುದೂ ತಪ್ಪು, ಅದು ಮತ್ತೆ ಬಿಟ್ಟುಬರುವುದಿಲ್ಲ.

ಬರಹದಲ್ಲಿ ಹೆಚ್ಚು ಎಡವುವುದು ಬ್ರಿಟನ್ನಿನ ಹಳೆಯ ಯುದ್ಧನೌಕೆ ಟ್ರಿಂಕೋಮಲಿಯ ವಿಷಯದಲ್ಲಿ. ಹೆಸರು ಲಂಕೆಯ ಬಂದರಿನದು ಎಂದು ಹಡಗನ್ನೂ ಲಂಕೆಯಲ್ಲೇ ಕಟ್ಟಿದ್ದೆಂದು ಬರೆಯುತ್ತಾರೆ. ಕಟ್ಟಿದ್ದು ಬಾಂಬೆಯ ಹಡಗುಕಟ್ಟೆಯಲ್ಲಿ, ವಾಡಿಯಾ ಮನೆತನದವರು, ಮಲಬಾರಿನ ತೇಗದಿಂದ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಬಹುಕಾಲ ಫೂದ್ರೋಯಾ ಎಂಬ ಹೆಸರಿನಲ್ಲಿ ತರಬೇತಿ ಹಡಗಾಗಿತ್ತು, 1987ರಲ್ಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ಗೆ ಬಂದು ಅಲ್ಲೇ ದುರಸ್ತಿಯಾಯಿತು. ಹಡಗು ಕಟ್ಟಿದ ವರ್ಷ, ದುರಸ್ತಿಯ ವರ್ಷ, ಲೇಬಲ್ ಹೊರಬಂದ ವರ್ಷ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಯಂತ್ರದ ಲೇಬಲ್ ಅಂಚೆಗೆ ಸಲ್ಲುವಂಥದು. ಸಂಗ್ರಹಾಲಯದ ಅಂಗಡಿಯಲ್ಲಿ ಮಾರುವ ಬಣ್ಣದ ಸ್ಟಿಕರ್‌ಗೆ ಆ ಮಾನ್ಯತೆ ಇಲ್ಲ. ಎರಡನ್ನೂ ಒಂದೇ ಪುಟದಲ್ಲಿ ಒಂದೇ ಹೆಸರಿನಿಂದ ತೋರಿಸಿದರೆ ಅಂಕ ಹೋಗುತ್ತದೆ.

ಪ್ರದರ್ಶನದಿಂದ ಮರಳಿದ ಪುಟಗಳನ್ನು ನೇರ ಪೆಟ್ಟಿಗೆಗೆ ಸೇರಿಸದೆ ಐದನೆಯ ಹಂತದಿಂದ ಮತ್ತೆ ಶುರುಮಾಡಿ.

## ಕೆಡುವ ಮುನ್ನ ಕಾಣುವ ಗುರುತುಗಳು

ಅಕ್ಷರ ಕಪ್ಪಿನಿಂದ ಬೂದಿಗೆ ತಿರುಗುತ್ತಿದೆ. ಮೊದಲು ಜೇಬನ್ನು ಅನುಮಾನಿಸಿ. ಅದೇ ಜೇಬಿನಲ್ಲಿದ್ದ ಎಲ್ಲವೂ ಮಾಸಿದ್ದರೆ ಪಿವಿಸಿ ಕಾರಣ, ಇವತ್ತೇ ಬದಲಿಸಿ. ಹೋದದ್ದು ಮರಳುವುದಿಲ್ಲ, ಮಾಸುವುದು ನಿಧಾನವಾಗುತ್ತದೆ. ಪೆನ್ನಿನಿಂದ ತಿದ್ದಬೇಡಿ.

ಇಡೀ ಹಿನ್ನೆಲೆ ಮಬ್ಬು ಬೂದಿ. ಶಾಖ ತಾಕಿದೆ. ಡಬ್ಬಿಯ ಜಾಗ ಬದಲಿಸಿ.

ಅಂಚಿನಲ್ಲಿ ಹಳದಿ ಗೆರೆ, ಜೇಬಿಗೆ ಮೆತ್ತಿಕೊಳ್ಳುವುದು. ಅಂಟು ಜಿನುಗಿದೆ. ಎಳೆಯಬೇಡಿ. ಜೇಬನ್ನೇ ಎರಡು ಬದಿ ಕತ್ತರಿಸಿ ತೆರೆದು, ಅಂಚಿಗೆ ಮಾತ್ರ ಒಣ ಕುಂಚದಿಂದ ಸುವಾಸನೆಯಿಲ್ಲದ ಟಾಲ್ಕ್ ಪುಡಿ ಒಂದು ಚಿಟಿಕೆ ತಾಗಿಸಿ, ಹೆಚ್ಚಾದದ್ದನ್ನು ಕೊಡವಿ.

ಕಂದು ಚುಕ್ಕೆ, ಮುಗ್ಗಲು ವಾಸನೆ, ಹತ್ತಿಯಂಥ ಬಿಳಿ ಪೊರೆ. ಬೂಷ್ಟು. ಅಂಥದ್ದನ್ನು ಉಳಿದವುಗಳಿಂದ ಬೇರೆ ಮಾಡಿ ಇನ್ನೊಂದು ಡಬ್ಬಿಯಲ್ಲಿ ಒಂದು ವಾರ ಜೆಲ್ ಜೊತೆ ಒಣಗಿಸಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ನೆರಳಲ್ಲಿ, ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿ. ಕಂದು ಕಲೆ ಉಳಿದರೆ ಉಳಿಯಲಿ. ಡೆಟಾಲ್, ಸ್ಪಿರಿಟ್ ಹಚ್ಚಿದರೆ ಕಲೆಯ ಜೊತೆ ಹಡಗಿನ ಹೆಸರೂ ಹೋಗುತ್ತದೆ.